ಸತ್ತ ಮರ ಮಾತ್ರ

ಜೀವಂತ ಅಲೆರ್ಸೆಯನ್ನು ಮುಟ್ಟಕೂಡದು, ಎನ್ನುತ್ತದೆ ಕಾಯ್ದೆ.
ಸತ್ತದ್ದಾದರೆ, ಅರ್ಜಿ ಕೊಟ್ಟು, ಮೊಹರು ಬಿದ್ದ ಮೇಲೆ
ಒಯ್ಯಬಹುದು.

ಚಿಲಿಯ ತೆಂಕಣ ಕರಾವಳಿಯ ಈ ಸರಕಾರಿ ಗುಡ್ಡದಲ್ಲಿ
ಹನ್ನೊಂದು ವರ್ಷದಿಂದ ಮರಗಳ ಮರಣಪತ್ರ ಬರೆಯುವವಳು ನಾನು.
ಹೆಗಲಚೀಲದಲ್ಲಿ ಟೇಪು, ಭೈರಿಗೆ, ಮೊಹರಿನ ಸುತ್ತಿಗೆ,
ನೆನೆಯದಂತೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಕಾಯ್ದೆ.

ಎಲೆಯುತೇರಿಯೊ ವೆನುಪಾನ್ ಹಲಗೆ ಸೀಳುವವನು.
ಗರಗಸ ಬೇಡ ಅವನಿಗೆ. ಎಳೆ ಹುಡುಕಿ, ಉಳಿ ಇಟ್ಟು,
ಕೊಡತಿಯ ಒಂದೇ ಏಟು:
ಅಂಟಿದ ಹಾಳೆ ಬಿಡಿಸಿದಂತೆ ಬಿಚ್ಚಿಕೊಳ್ಳುತ್ತದೆ ಕೆಂಪು ಮರ.
ಊರ ಗೋಡೆಗಳಿಗೆಲ್ಲ ಅವನದೇ ಹಲಗೆ,
ಮೀನಿನ ಹುರುಪೆಯ ಹಾಗೆ ಒಂದರ ಮೇಲೊಂದು.
ಅಜ್ಜ ಹೊದಿಸಿದ ಸೂರನ್ನು ಮೊಮ್ಮಗ ಬದಲಿಸಬೇಕಿಲ್ಲ.

ಅವನಿಗೆ ಓದು ಬಾರದು. ಅವನ ಅರ್ಜಿ ಬರೆಯುವವಳೂ ನಾನೇ.
ಎಷ್ಟು ಮರ? ಒಂದು.
ಎಲ್ಲಿ? ಕಪ್ಪು ಹೊಳೆಯಾಚೆ, ಇಳಿಜಾರಿನಲ್ಲಿ.
ಸತ್ತದ್ದು ತಾನೆ?
ಮಾತೆಯ ಬುರುಡೆಯಿಂದ ಕೊನೆಯ ಗುಟುಕು ಎಳೆದ, ಸುರ್ರೆಂದು.
ಅದನ್ನೇ ಹೌದೆಂದು ಬರೆದುಕೊಂಡೆ.
ಅಂದು ಗುರುವಾರ.

ಶನಿವಾರ ರಾತ್ರಿ ಇಳಿಜಾರಿಗೆ ಬೆಂಕಿ ಬಿತ್ತು.

ಈಗ ರಾಜಧಾನಿಯಿಂದ ತಿದ್ದುಪಡಿ ಬಂದಿದೆ, ಒಂದೇ ಪದ:
'ಸತ್ತ' ಎಂದಿದ್ದಲ್ಲಿ 'ತಾನಾಗಿ ಸತ್ತ'.
ಯಾರೋ ದೊಡ್ಡ ಮೇಜಿನ ಮುಂದೆ ಕೂತು, ಯೋಚಿಸಿ, ಸೇರಿಸಿದ್ದಾರೆ.
ಒಳ್ಳೆಯ ಪದ. ಒಂದು ತಿಂಗಳು ತಡ.
ಮೂರು ಸಾವಿರ ವರ್ಷ ನಿಂತದ್ದರ ಲೆಕ್ಕದಲ್ಲಿ
ತಿಂಗಳೇನು ಮಹಾ ಅನ್ನಬಹುದು;
ಬೆಂಕಿಗೆ ಒಂದೇ ರಾತ್ರಿ ಸಾಕಾಗಿತ್ತು.

ಭೈರಿಗೆ ತಿರುವುತ್ತೇನೆ. ಮೊದಲು ಬರುವುದು ಮಸಿ.
ಇನ್ನೂ ತಿರುವಿದರೆ, ಬೆರಳುದ್ದದ ಹಸಿ ಎಳೆ,
ಒಸಡಿನ ಬಣ್ಣದ್ದು.
ತಲೆಯೆತ್ತಿ ನೋಡಿದರೆ
ಬೆಂಕಿ ಮರೆತುಹೋದ ಒಂದು ಕೊಂಬೆಯ ತುದಿಗೆ
ಮುಷ್ಟಿಯಷ್ಟು ಹಸಿರು.

ನಮೂನೆಯಲ್ಲಿರುವುದು ಎರಡೇ ಚೌಕ.
ಅಡಿಯಲ್ಲಿ ಅವನ ಹೆಬ್ಬೆಟ್ಟು, ಮೇಲೆಲ್ಲ ನನ್ನ ಕೈಬರಹ.
ತಾರೀಖೂ ನನ್ನದೇ,
ಬೆಂಕಿಗಿಂತ ಎರಡು ದಿನ ಹಿರಿಯದು.

ಕೆಳಗೆ ದಾರಿಯಲ್ಲಿ ಅವನ ಎತ್ತುಗಳು ನೊಗ ಹೊತ್ತೇ ಕಾಯುತ್ತಿವೆ.
ಅವನು ಟೊಪ್ಪಿಗೆ ತೆಗೆದು ಎದೆಗೊತ್ತಿ ನಿಂತಿದ್ದಾನೆ,
ನನಗೋ, ಮರಕ್ಕೋ.
ಸುತ್ತಿಗೆ ಇನ್ನೂ ಚೀಲದಲ್ಲಿದೆ.
ಭೈರಿಗೆ ಕೊರೆದ ತೂತಿನಿಂದ ಏನೋ ಜಿನುಗುತ್ತಿದೆ.
ಅದರ ಮೇಲೆ
ನನ್ನ ಹೆಬ್ಬೆರಳು ಒತ್ತಿ ಹಿಡಿದಿದ್ದೇನೆ.