ಹಳ್ಳಿ, ಹಲ್ಲಿ, ಅಳ್ಳಿ

ಮಗಳ ಫೋನಿಗೆ ಳ ಬರುವುದಿಲ್ಲ.
ಗಂಗಮಾಳ ಅಂತ ನನ್ನತ್ತೆಯ ಹೆಸರಿಟ್ಟಿದ್ದೆವು,
ಮೊದಲ ದಿನವೇ ಗಂಗಮಾಲ ಅಂದಿತು.
ಇವಳು ಸುಮ್ಮನಿರುವವಳೇ?
"ಹೇಳು" ಅಂತ ಬರೆದು ಅದರ ಕೈಲಿ ಓದಿಸಿ,
ಅದು ಹೇಳಿದ್ದಕ್ಕೆ
ಚಾಪೆಯ ತುಂಬ ಉರುಳಾಡಿ ನಕ್ಕಳು.

ಭಾನುವಾರ ನನ್ನ ಬಸ್ಸಿಗೇ ಹತ್ತುತ್ತಾಳೆ.
ಕಂಡಕ್ಟರ್ ಸೀಟಿನ ಪಕ್ಕ, ಬಿಳಿ ಕೋಲು ಮಡಚಿ,
ಒಂದು ಕಿವಿಗೆ ವಯರು.
ಮುಂದಿನ ನಿಲ್ದಾಣ ಕೊಡಿಗೇಹಲ್ಲಿ, ಅನ್ನುತ್ತದೆ ಫೋನು.
ಆಮೇಲೆ ಅಮೃತಹಲ್ಲಿ.
"ಅಮ್ಮಾ, ಬೆಂಗಳೂರಿನ ತುಂಬ ಬರೀ ಹಲ್ಲಿ,
ಲೊಚಗುಟ್ತಾ ಇವೆ ನೋಡು."
ಮುಂದಿನ ಸೀಟಿನ ಅಜ್ಜ
ತಲೆ ಮುಟ್ಟಿ ನೋಡಿಕೊಂಡರು.

ಶಾಲೆಯವರು ಒಂದು ವರ್ಷದ ಮಟ್ಟಿಗೆ ಕೊಟ್ಟಿದ್ದಾರೆ
ಇನ್ನೊಂದು ಪೆಟ್ಟಿಗೆ, ಜ್ಯಾಮಿಟ್ರಿ ಬಾಕ್ಸಿಗಿಂತ ಚೂರು ಉದ್ದ.
ಸಹಿ ಹಾಕುವಾಗ ಬೆಲೆ ನೋಡಿ ಕೈ ನಡುಗಿತ್ತು.
ಮಳೆಗೆ ನೆನೆಸಬೇಡಿ ಅಂತ ಎರಡು ಸಲ ಅಂದಿದ್ದರು,
ನನ್ನ ಹಳೇ ರೆಕ್ಸಿನ್ ಚೀಲ ಈಗ ಅದಕ್ಕೆ.
ಅದರ ಮೈಮೇಲೆ ಚುಕ್ಕಿ ಏಳುತ್ತವೆ, ಮುಳುಗುತ್ತವೆ,
ಒಗ್ಗರಣೆಗೆ ಬಿದ್ದ ಸಾಸಿವೆಯ ಸಣ್ಣ ಸದ್ದು.
ನನ್ನ ಬೆರಳಿಗೆ ಎಲ್ಲವೂ ಒಂದೇ ತರಿ.
ನನಗೆ ತಿಳಿಯುವ ಹಾಗೆ ಅವಳೇ ಹೇಳಿಕೊಟ್ಟಳು:
ಒಂದೊಂದು ಅಕ್ಷರವೂ ಆರು ಸೀಟಿನ ಬಸ್ಸು.
ಎಡಗಡೆ ಮೂರೂ ತುಂಬಿದರೆ ಲ,
ಬಲಗಡೆ ಮೂರೂ ತುಂಬಿದರೆ ಳ.
"ಫೋನಿನ ಬಾಯಿ ತಪ್ಪುತ್ತೆ ಅಮ್ಮ, ಚುಕ್ಕಿ ತಪ್ಪಲ್ಲ."

ಒಂದು ಸಂಜೆ ಹೆಬ್ಬಾಳದ ಮೇಲ್ಸೇತುವೆಯಲ್ಲಿ
ಗಾಡಿಗೆ ಗಾಡಿ ಅಂಟಿಕೊಂಡು ನಿಂತಿತ್ತು.
ಬಾಗಿಲಲ್ಲಿ ಕೂಗುತ್ತಿದ್ದೆ, ಹದಿನಾಲ್ಕು ವರ್ಷ ಪಳಗಿದ ಗಂಟಲು:
ಕೊಡಿಗೇಅಳ್ಳಿ! ಯಾರ್ರೀ ಕೊಡಿಗೇಅಳ್ಳಿ!
ಹಿಂದಿನಿಂದ ಕಿಸಕ್ಕನೆ ನಗು.
ನನ್ನ ಬಾಯಿಯ ಹ
ಸ್ಟಾಪು ಬರುವ ಮೊದಲೇ ಇಳಿದುಹೋಗುತ್ತದೆ,
ಗೊತ್ತು. ಅದಕ್ಕೇ ಶಾಲೆಯ ಮೀಟಿಂಗಿನಲ್ಲಿ
ಹೂಂ ಅನ್ನುವ ಬದಲು ತಲೆಯಾಡಿಸಿ ಬರುತ್ತೇನೆ.

"ಅದಕ್ಕೆ ಳ ಇಲ್ಲ, ನಿನಗೆ ಹ ಇಲ್ಲ,
ಇಬ್ಬರನ್ನೂ ಸಾಕೋದು ನನಗೇ ಬಂತು"
ಅಂದವಳು ಪೆಟ್ಟಿಗೆಯನ್ನು ತೊಡೆಗೆಳೆದುಕೊಂಡು
ಏನೋ ಒತ್ತಿದಳು.
ನಾಣ್ಯದ ವಾಸನೆಯ ನನ್ನ ಬೆರಳು ಹಿಡಿದು
ಅದರ ಮೇಲಿಟ್ಟಳು.

ಎಡಗಡೆ ಖಾಲಿ. ಬಲಗಡೆ
ಒಂದು, ಎರಡು, ಮೂರು.
ಇನ್ನೊಂದು ಸಲ ಎಣಿಸಿದೆ, ತಪಾಸಣೆಯವರ ಹಾಗೆ.
"ಳ?" ಅಂದೆ.
"ರೈಟ್!" ಅಂತ ಕೂಗಿದಳು ಗಂಗಮಾಳ.

ಡ್ರೈವರು ಗೇರು ಹಾಕಿಬಿಟ್ಟ.