ಮುಂದಿನ ಸ್ಟೇಜು ಬಿಣಗಾ

ಮೂವತ್ತೊಂದು ವರ್ಷ ನಿಂತೇ ಇದ್ದವನು ನಾನು.
ಕಾರವಾರ–ಅಂಕೋಲಾ, ದಿನಕ್ಕೆ ನಾಲ್ಕು ಟ್ರಿಪ್ಪು,
ಒಂದು ಕೈ ಕಂಬಿಗೆ, ಇನ್ನೊಂದು ಚಿಲ್ಲರೆಗೆ,
ಅರ್ಗಾ ತಿರುವಿನಲ್ಲಿ ಸೊಂಟ ತಾನಾಗಿ ವಾಲುತ್ತಿತ್ತು.
ರಿಟೈರಾದ ದಿನ ಹಾರ ಹಾಕಿ ಕುರ್ಚಿಯೊಂದನ್ನು ಕೊಟ್ಟರು.
ಕೂತೆ.
ಕೂತಲ್ಲೇ ಎರಡು ಮಳೆಗಾಲ ಹೋಯಿತು.

ಬಚ್ಚಲ ಹೊಸ್ತಿಲು ದಾಟಲು ಗೋಡೆ ಹಿಡಿಯತೊಡಗಿದ್ದು
ಯಾವಾಗಿನಿಂದ ಎಂದು ಕೇಳಿದಳು ರುಮಾನಾ,
ಜಿಲ್ಲಾ ಆಸ್ಪತ್ರೆಯ ಫಿಸಿಯೋ, ಭಟ್ಕಳದ ಹುಡುಗಿ.
ನೆನಪಿಲ್ಲ ಎಂದೆ. ಔಷಧ ಬರೆಯಲಿಲ್ಲ.
ಸ್ಟೂಲು ತೋರಿಸಿ, "ಕೈ ಊರದೆ ಏಳಿ ನೋಡುವಾ" ಎಂದಳು.
ನಾಲ್ಕನೆಯ ಸಲಕ್ಕೆ ತೊಡೆ ನಡುಗಿತು,
ಘಟ್ಟ ಹತ್ತುವ ಹಳೇ ಬಸ್ಸಿನ ಬಾನೆಟ್ಟಿನ ಹಾಗೆ.
"ಕೆಟ್ಟಿಲ್ಲ. ಡಿಪೋದಲ್ಲಿ ನಿಂತು ತುಕ್ಕು ಹಿಡಿದಿದೆ ಅಷ್ಟೇ."
ನನ್ನ ಭಾಷೆಯಲ್ಲೇ ಬೈದಳು.

ಮರುದಿನ ಬೆಳಿಗ್ಗೆ ಕಡಲ ತೀರ.
ಮೊದಲ ಸಿಮೆಂಟು ಬೆಂಚಿಗೆ ಬಿಣಗಾ ಎಂದು ಹೆಸರಿಟ್ಟೆ,
ದಡಕ್ಕೆ ಎಳೆದು ನಿಲ್ಲಿಸಿದ ಯುದ್ಧನೌಕೆಗೆ ಅರ್ಗಾ,
ಮುರಿದ ಜೋಕಾಲಿ ಅಮದಳ್ಳಿ, ಗಾಳಿಮರದ ಸಾಲು ಅವರ್ಸಾ,
ಕಾಳಿ ನದಿ ಕಡಲಿಗೆ ಕೂಡುವ ಆ ತುದಿ, ಅಂಕೋಲಾ.
ದಿಕ್ಕು ಉಲ್ಟಾ. ಇರಲಿ,
ಕಾಲಿಗೆ ಭೂಗೋಳ ಗೊತ್ತಿಲ್ಲ.
ಮೊದಲ ವಾರ ಪೂರ್ತಿ ಬಿಣಗಾದಲ್ಲೇ ಇಳಿದುಬಿಟ್ಟೆ.

ಅಲ್ಲಿ ಸಿಕ್ಕವಳು ಬುದವಂತಿ, ಖಾರ್ವಿ ಕೇರಿಯವಳು, ಎಪ್ಪತ್ತೆರಡು.
ನಾನು ಬಸ್ಸಿಗೆ ಹತ್ತಿಸದ ಮೀನಬುಟ್ಟಿಯನ್ನು
ತಲೆ ಮೇಲೆ ಹೊತ್ತು ಬೈತಖೋಲದಿಂದ ಹಬ್ಬುವಾಡದ ತನಕ ನಡೆದವಳು.
ಈಗ ಸೊಸೆ ಸ್ಕೂಟಿಯಲ್ಲಿ ಮಾರುತ್ತಾಳೆ,
ಇವಳ ಮೊಣಕಾಲು ಮನೆ ಕಾಯುತ್ತದೆ.
"ನಡೆಯೂದಕ್ಕೂ ಡಾಕ್ಟರ ಚೀಟಿ ಬೇಕಾಯ್ತನಾ ನಿಂಗೆ?"
ಚೀಟಿ ಅಲ್ಲ, ಟಿಕೆಟ್ಟು, ಎಂದೆ.
ಮಶೀನು ಬರುವ ಮೊದಲಿನ ರದ್ದಾದ ಕಟ್ಟು ಟ್ರಂಕಿನಲ್ಲಿತ್ತು.
ಮರುದಿನ ತಂದು ಒಂದು ಹರಿದು ಕೊಟ್ಟೆ:
ಬಿಣಗಾದಿಂದ ಅರ್ಗಾ, ಎರಡು ರೂಪಾಯಿ ಐವತ್ತು ಪೈಸೆ.
ದುಡ್ಡು ಬೇಡ, ನಡುವೆ ಇಳಿಯಬಾರದು.
ಬುಟ್ಟಿಯ ಹಳೇ ಲೆಕ್ಕವೆಲ್ಲ ಎತ್ತಿ ಬೈಯುತ್ತಲೇ ಎದ್ದಳು.

ತಿಂಗಳೊಪ್ಪತ್ತಿನಲ್ಲಿ ಏಳು ಜನ.
ಸಕ್ಕರೆ ಕಾಯಿಲೆಯ ಪೆಡ್ನೇಕರ, ಅವರ ಅತ್ತಿಗೆ,
ಎಡಗಾಲು ಎಳೆಯುವ ಇನಾಸ ಮಾಸ್ತರು.
ಯಾರಾದರೂ ಕೂತರೆ ನನ್ನ ಸೀಟಿ: ಹೋಲ್ಡಾನ್.
ಅವರು ಏಳುವ ತನಕ ಎಲ್ಲರೂ ನಿಂತು, ಆಮೇಲೆ ರೈಟ್.
ಯಾರನ್ನೂ ಸ್ಟೇಜಿನಲ್ಲಿ ಬಿಟ್ಟು ಹೋದದ್ದಿಲ್ಲ.
ಸುಳ್ಳು, ಮಾಸ್ತರನ್ನು ಒಮ್ಮೆ ಅಮದಳ್ಳಿಯಲ್ಲಿ ಬಿಟ್ಟೆವು,
ಎರಡು ದಿನ ಮಾತು ಬಿಟ್ಟರು. ನಡಿಗೆ ಬಿಡಲಿಲ್ಲ.

ಜೂನಿನಲ್ಲಿ ಕಡಲು ಬೆಂಚಿನ ತನಕ ಬಂತು.
ನಡಿಗೆಯನ್ನು ಬಸ್‌ಸ್ಟ್ಯಾಂಡಿಗೆ ವರ್ಗ ಮಾಡಿದೆ.
ಬೆಳಗಿನ ಐದೂವರೆ, ತಗಡಿನ ಮೇಲೆ ಮಳೆ,
ಒಂದನೇ ಪ್ಲಾಟ್‌ಫಾರಮ್ಮಿನಿಂದ ಕೊನೆಯದಕ್ಕೆ, ಮತ್ತೆ ಒಂದಕ್ಕೆ.
ಹುಬ್ಬಳ್ಳಿ ಗಾಡಿಯ ಡ್ರೈವರು ಹಾರ್ನು ಒತ್ತಿ ಕೇಳಿದ,
"ಎಲ್ಲಿಗೆ ಹೊಂಟಿತ್ರೀ ಮೆರವಣಿಗಿ?"
"ಬಚ್ಚಲಿಗೆ," ಎಂದಳು ಬುದವಂತಿ, "ಗೋಡೆ ಹಿಡೀದೆ."

ಆಮೇಲೆ ನನಗೇ ಬೇಸರ ಬಂತು.
ಕಾರಣ ಅಂತ ಇಲ್ಲ. ಮಳೆ ಇತ್ತು. ಕುರ್ಚಿ ಇತ್ತು.
ಹನ್ನೊಂದು ದಿನ.

ಹನ್ನೆರಡನೆಯ ದಿನ ಅಂಗಳದಲ್ಲಿ ಸೀಟಿ,
ಮೊಮ್ಮಗನ ಪ್ಲಾಸ್ಟಿಕ್ ಪೀಪಿ.
ಕೊಡೆಯ ಕೆಳಗೆ ಬುದವಂತಿ, ಹಿಂದೆ ಇನ್ನೈದು ಕೊಡೆ.
ಎಲೆಯಡಿಕೆ ಚೀಲದಿಂದ ನಾನು ಕೊಟ್ಟ ಟಿಕೆಟ್ಟುಗಳನ್ನೆಲ್ಲ ತೆಗೆದು,
ಸುಣ್ಣದ ಕಲೆ ಸಮೇತ ಅಂಗೈಯಲ್ಲಿ ಹರಡಿ,
"ನಿಂದು ತೋರಿಸು" ಎಂದಳು,
ಥೇಟ್ ಚೆಕಿಂಗಿನವರ ದನಿ.

ಮೂವತ್ತೊಂದು ವರ್ಷ.
ನನಗೆಂದು ಒಂದೂ ಹರಿದಿರಲಿಲ್ಲ.
ಎದ್ದೆ. ಕೈ ಊರಿಯೋ, ಊರದೆಯೋ, ಅವಳನ್ನೇ ಕೇಳಬೇಕು.
ಕಟ್ಟು ತಂದು, ಬಾಗಿಲಿನಿಂದ ಗೇಟಿನ ತನಕ,
ಹಾಫ್ ಟಿಕೆಟ್ಟು.

ಅಂಕೋಲಾ ಇನ್ನೂ ಮುಟ್ಟಿಲ್ಲ.
ಮಳೆ ಹೊಳವಾಗಲಿ, ನೋಡುವಾ.