ಗಾಳಿಗೆ ಒಂದು ಪಾಲು ಹೆಚ್ಚು

ಕೋಡಿಬಾಗದ ಶೇವಂತಿಬಾಯಿ ತಾಂಡೇಲರ ಮಾಳಿಗೆಗೆ
ಕಟಾಂಜನ ಕೂರಿಸಲು ಹೋದ ವರ್ಷ
ನನಗೆ ಹದಿನೆಂಟು. ಕಾಯ್ತಾನ ಮೇಸ್ತ್ರಿಗೆ ಅರವತ್ತು ದಾಟಿತ್ತು.
ಗೋಡೆಯಿಂದ ಗೋಡೆಗೆ ಮುನ್ನೂರ ಹನ್ನೆರಡು ಸೆಂಟಿಮೀಟರು.
ಮತ್ತಿ ಮರದ ಕಂಬ ಇಪ್ಪತ್ತೆರಡು, ಒಂದೊಂದೂ ನಾಲ್ಕು ದಪ್ಪ,
ಸುಂಕೇರಿಯ ಲೇತಿನಲ್ಲಿ ಕಡೆಸಿ
ಟೆಂಪೋದೊಳಗೆ ಗೋಣಿ ಹಾಸಿ ಮಲಗಿಸಿ ತಂದದ್ದು.

ಸಂದು ಎಷ್ಟಿರಲಿ ಅಂದರೆ
ಮೇಸ್ತ್ರಿ ಒಳಗೆ ಹೋಗಿ ಸುಲಿದ ತೆಂಗಿನಕಾಯಿ ಕೇಳಿ ತಂದರು.
‘ಇದು ತೂರಬಾರದು.
ಇದು ತೂರಿದರೆ ತಲೆಯೂ ತೂರುತ್ತದೆ.’
ತಲೆ ಒಳಗೆ ತೊಟ್ಟಿಲಲ್ಲಿತ್ತು,
ಎಣ್ಣೆ ಹಚ್ಚಿಸಿಕೊಂಡು, ಕಾಯಿಗಿಂತ ತುಸು ದೊಡ್ಡದು.

ಪಿಯುಸಿ ಗಣಿತದಲ್ಲಿ ಎಪ್ಪತ್ತೊಂದು ತೆಗೆದವ ನಾನು.
ಸಿಮೆಂಟು ಚೀಲದ ಬೆನ್ನಿಗೆ ಬರೆದೆ:
ಮರ ಎಂಬತ್ತೆಂಟು,
ಉಳಿದ ಗಾಳಿ ಇನ್ನೂರ ಇಪ್ಪತ್ತನಾಲ್ಕು,
ಇಪ್ಪತ್ತೆರಡರಿಂದ ಭಾಗಿಸಿದರೆ
ಹತ್ತು, ಮೇಲೊಂದಿಷ್ಟು ಪುಡಿ.
ಮೇಸ್ತ್ರಿ ನೋಡಿದರು. ಬೀಡಿ ಹಚ್ಚಿದರು.
ಮೊಣಕಾಲ ಮೇಲೆ ಎಡಗೋಡೆಯಿಂದ ಹೊರಟೆ,
ಗಾಳಿ, ಕಂಬ, ಗಾಳಿ, ಕಂಬ,
ಊಟದ ಹೊತ್ತಿನ ತನಕ.
ಇಪ್ಪತ್ತೆರಡನೆಯದು ಹೋಗಿ
ಬಲಗೋಡೆಗೆ ಭುಜ ಕೊಟ್ಟು ನಿಂತಿತು,
ಅಂಕೋಲೆ ಬಸ್ಸಿನಲ್ಲಿ ಸೀಟು ಸಿಗದವನ ಹಾಗೆ.

ಮೇಸ್ತ್ರಿ ಎಡಗೈ ಚಾಚಿದರು. ಒಂದು ಉಗುರು ಗರಗಸದ ಪಾಲು.
‘ಬೆರಳು?’
‘ಐದು.’
‘ಸಂದು?’
‘ನಾಲ್ಕು.’
ಅದೇ ಕೈ ಕಿಟಕಿಯ ಚೌಕಟ್ಟಿನೊಳಗೆ ಅಗಲಿಸಿ ಇಟ್ಟರು.
‘ಈಗ ಎಣಿಸು.’
ಹೆಬ್ಬೆರಳಿನಾಚೆ ಒಂದು, ಕಿರುಬೆರಳಿನಾಚೆ ಒಂದು.
ಆರು.

‘ಬಯಲಿಗೆ ಬೇಲಿ ಹಾಕಿದರೆ
ಗೂಟಕ್ಕಿಂತ ಸಂದು ಒಂದು ಕಡಿಮೆ.
ಬಾವಿಯ ಸುತ್ತ ಹಾಕಿದರೆ ಎರಡೂ ಸಮ, ಜಗಳವೇ ಇಲ್ಲ.
ಎರಡು ಗೋಡೆಗಳ ನಡುವೆ ಬಂದೆಯೋ,
ಗಾಳಿ ಒಂದು ಪಾಲು ಹೆಚ್ಚು ಕೇಳುತ್ತದೆ ಪೋರಾ.
ಕೀಳು ಇನ್ನು.’

ಕಿತ್ತೆ. ಇಪ್ಪತ್ತಮೂರರಿಂದ ಭಾಗಿಸಿದೆ.
ಒಂಬತ್ತು ಬಿಂದು ಏಳು ಮೂರು ಒಂಬತ್ತು ಒಂದು ಮೂರು…
ಚೀಲ ಮುಗಿಯಿತು, ಲೆಕ್ಕ ಮುಗಿಯಲಿಲ್ಲ.
ಏಳಕ್ಕೇ ನಿಲ್ಲಿಸಿದರೆ
ಕೊನೆಯಲ್ಲಿ ಒಂಬತ್ತು ಮಿಲಿಮೀಟರು ಮಿಕ್ಕುತ್ತದೆ,
ಅದನ್ನು ಯಾವ ಸಂದಿಗೆ ತುರುಕಲಿ ಎಂದು ಕೇಳಿದೆ.
ಹೊಲಿಗೆ ಡಬ್ಬಿಯಿಂದ ಇಲಾಸ್ಟಿಕ್ ಬಂತು,
ಲಂಗಕ್ಕೆ ಹಾಕುವಂಥದು.
ನೆಲದ ಮೇಲೆ ಸಡಿಲ ಬಿಟ್ಟು
ಹತ್ತು ಹತ್ತಕ್ಕೆ ಪೆನ್ನಿನಿಂದ ಗೀರೆಳೆದರು, ಇಪ್ಪತ್ತಮೂರು ಮನೆ.
ಆಮೇಲೆ ಕೈಪಿಡಿಯ ಹಲಗೆಯುದ್ದಕ್ಕೂ ಜಗ್ಗಿ ಹಿಡಿದೆವು
ಅವರೊಂದು ತುದಿ, ನಾನೊಂದು ತುದಿ,
ಎರಡೂ ಕಡೆ ಅರ್ಧ ಕಂಬದಷ್ಟು ಆಚೆಗೆ.
ಗೀರುಗಳೆಲ್ಲ ಒಟ್ಟಿಗೆ ಸರಿದು ನಿಂತವು.
ಒಂದೊಂದು ಗೀರಿಗೂ ನಡುಗಂಬ ಒಂದು.
ಆ ಒಂಬತ್ತು ಮಿಲಿಮೀಟರು ಎಲ್ಲಿ ಹೋಯಿತೆಂದು
ಟೇಪು ಹಿಡಿದು ಎರಡು ಸಲ ಹುಡುಕಿದ್ದೇನೆ.

ಮೊನ್ನೆ ಫೋನು ಬಂತು. ತೆಂಗಿನ ಮಡಲು ಬಿದ್ದು
ಒಂಬತ್ತನೆಯ ಕಂಬ ಮುರಿದಿದೆಯಂತೆ.
ಹೊಸದು ಕಡೆಸಿಕೊಂಡು ಹೋದೆ,
ನನ್ನ ಪೆಟ್ಟಿಗೆಯಲ್ಲಿ ಮೇಸ್ತ್ರಿಯ ಇಲಾಸ್ಟಿಕ್,
ಈಗ ಜಗ್ಗಿದರೆ ಮರಳುವುದಿಲ್ಲ.
ಸಂದು ಎರಡು, ಕಂಬ ಒಂದು, ಕೂಡಿದರೆ
ಇಪ್ಪತ್ತಮೂರೂವರೆ. ಮನಸ್ಸಿನಲ್ಲೇ ಹಾಕಿದೆ.

‘ಎರಡು ದಿನ ಇರಲಿ’ ಎಂದರು ಶೇವಂತಿಬಾಯಿ.
ಆ ತಲೆ ಈಗ ಬೈತಖೋಲದಲ್ಲಿ ಬೋಟಿಗೆ ಐಸು ತುಂಬುತ್ತದೆ,
ಕಾಯಿ ಇಟ್ಟು ಅಳೆಯುವ ವಯಸ್ಸಲ್ಲ.
ಮೆಟ್ಟಿಲಿಳಿಯಲು ಅವರ ಮೊಣಕಾಲೇ ಬಿಡುವುದಿಲ್ಲ.
ಕೆಳಗೆ ಮೀನಿನ ದುರ್ಗಿ ಕೂಗಿದಳು.
ಇವರು ಕೂತಲ್ಲಿಂದಲೇ ಹಗ್ಗಕ್ಕೆ ಬುಟ್ಟಿ ಕಟ್ಟಿ
ಮುರಿದ ಜಾಗದಲ್ಲಿ ಇಳಿಬಿಟ್ಟರು.
ಬುಟ್ಟಿ ಎರಡೂ ಕಡೆ ಉಜ್ಜುತ್ತ ಮೇಲೆ ಬಂತು,
ಒಂದು ಕಿರುಬೆರಳಷ್ಟೇ ಸಡಿಲ.

ಟೇಪು ತೆಗೆಯಲಿದ್ದ ಕೈ ಜೇಬಿಗೆ ಹಾಕಿಕೊಂಡೆ.
ಕಂಬವನ್ನು ಬಾಗಿಲ ಹಿಂದೆ ಒರಗಿಸಿ,
ಕೂಲಿ ಬೇಡವೆಂದರೂ ಕಟ್ಟಿಕೊಟ್ಟ
ನಾಲ್ಕು ಬಂಗಡೆ ಹಿಡಿದು ಬಂದೆ.